ಗುಲಾಮರ ಸಾಲಿನಲ್ಲಿ ಮೂರನೆಯವನು

ರಘುನಂದನನಿಗೆ ಸಂಬಳ ಬರುತ್ತಿದ್ದದ್ದೇ ಅನುಮಾನ ಪಡುವುದಕ್ಕೆ. ನೋಯ್ಡಾದ ಒಂದು ಗಾಜಿನ ಕಟ್ಟಡದಲ್ಲಿ ಕುಳಿತು, ದೇಶದ ಯಾವುದೋ ಮೂಲೆಯ ಆಸ್ಪತ್ರೆಗಳಿಂದ ಬಂದ ವಿಮೆಯ ಬಿಲ್ಲುಗಳಲ್ಲಿ ಸುಳ್ಳು ಎಲ್ಲಿ ಅಡಗಿದೆ ಎಂದು ಹುಡುಕುವುದು ಅವನ ಕೆಲಸ. ಬಲಗಾಲು ಮುರಿದವನಿಗೆ ಎಡಗಾಲಿನ ಎಕ್ಸ್‌ರೇ ತೆಗೆದಿದ್ದಾರೆಯೇ, ಹೆರಿಗೆಗೆ ಸೇರಿದವರ ಹೆಸರು ಗಂಡಸಿನದಾಗಿದೆಯೇ, ದಿನವಿಡೀ ಇದೇ. ಸಂಜೆ ಕಂಪ್ಯೂಟರು ಮುಚ್ಚಿದರೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಗೋಲ್‌ಗಪ್ಪಾ ಮಾರುವ ಭಯ್ಯಾ ಒಂದು ಹೆಚ್ಚಿಗೆ ಕೊಟ್ಟರೆ ಅದು ನಿನ್ನೆಯದಿರಬೇಕು ಎಂದುಕೊಳ್ಳುವನು. ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ತನ್ನ ಬೆನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡುವನು.

ಈ ಜಾಣತನದಿಂದ ಅವನಿಗಾದ ಮೊದಲ ಲಾಭವೆಂದರೆ ಪೀತಮ್‌ಪುರದ ಕೋಣೆ. ದಿಲ್ಲಿಗೆ ಬಂದ ಹೊಸದರಲ್ಲಿ ನೋಯ್ಡಾದ ಬ್ರೋಕರುಗಳೆಲ್ಲ ಮೋಸಗಾರರು ಎಂದು ತೀರ್ಮಾನಿಸಿ, ಊರಿನ ಇನ್ನೊಂದು ತುದಿಯಲ್ಲಿ ಖುರಾನಾ ಆಂಟಿಯ ಮನೆಯ ಮೇಲಂತಸ್ತಿನಲ್ಲಿ ಪಿ.ಜಿ. ಹಿಡಿದಿದ್ದ. ಬ್ರೋಕರು ಮೋಸ ಮಾಡಲಿಲ್ಲ, ನಿಜ. ಆದರೆ ಅಂದಿನಿಂದ ದಿನಾ ಎರಡು ಹೊತ್ತೂ ಕಾಶ್ಮೀರಿ ಗೇಟಿನಲ್ಲೊಮ್ಮೆ, ರಾಜೀವ್ ಚೌಕದಲ್ಲೊಮ್ಮೆ ಮೆಟ್ರೊ ಬದಲಿಸುತ್ತ, ಇನ್ನೊಬ್ಬರ ಬೆನ್ನುಚೀಲಕ್ಕೆ ಕೆನ್ನೆ ಒತ್ತಿಕೊಂಡು ತನ್ನ ಯೌವನವನ್ನು ತಾನೇ ಸವೆಸುತ್ತಿದ್ದ.

ಇನ್ನೊಂದು ಚಾಳಿಯಿತ್ತು. ಯಾರು ಏನೇ ಕೇಳಲಿ, ಉತ್ತರಕ್ಕೆ ಮೊದಲು ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: ಯಾಕೆ ಕೇಳ್ತಿದ್ದೀರಿ? ಅರಸೀಕೆರೆಯಿಂದ ತಾಯಿ ಫೋನ್ ಮಾಡಿ ಊಟ ಆಯಿತೇ ಎಂದರೂ ಅದೇ. ಆಕೆ ಈಗೀಗ ಆ ಪ್ರಶ್ನೆಯನ್ನೇ ಬಿಟ್ಟು, ನೀನು ಊಟ ಮಾಡಿರುತ್ತೀಯ ಬಿಡು ಎಂದು ತಾನೇ ಹೇಳಿ ಮುಗಿಸುತ್ತಿದ್ದಳು.

ಇಂಥವನು ನಾಟಕಕ್ಕೆ ಸೇರಿದ್ದು ಹಂಸಿನಿಯಿಂದ.

ಹಂಸಿನಿ ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ತಂದೆ ನಾರಾಯಣಸ್ವಾಮಿ ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅಧಿಕಾರಿ. ನಿವೃತ್ತಿ ಹತ್ತಿರವಾದಂತೆ ನೋಯ್ಡಾದ ಸೊಸೈಟಿಯೊಂದರಲ್ಲಿ ಫ್ಲಾಟು ಕೊಂಡು ಬಂದಿದ್ದರು. ಮಗಳು ವಿಶ್ವವಿದ್ಯಾಲಯದಲ್ಲಿ ಹಳೆಯ ಇಂಗ್ಲಿಷ್ ನಾಟಕಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಇಂಗ್ಲೆಂಡಿನಲ್ಲಿ ಯಾವ ಕಾಲದಲ್ಲೋ ರಂಗಮಂದಿರಗಳನ್ನೆಲ್ಲ ಮುಚ್ಚಿಸಿದ್ದರಂತೆ. ದೇಶ ಬಿಟ್ಟಿದ್ದ ರಾಜಮನೆತನ ಮರಳಿ ಬಂದಾಗ ಮತ್ತೆ ತೆರೆದರಂತೆ. ಹೆಂಗಸರು ಮೊದಲ ಸಲ ರಂಗದ ಮೇಲೆ ಬಂದದ್ದೂ ಆಗಲೇ. ಆ ಕಾಲದ, ಈಗ ಯಾರೂ ಓದದ ಒಂದು ನಾಟಕವನ್ನು ಆಕೆ ಕನ್ನಡಕ್ಕೆ ತಂದು ಇಲ್ಲಿನ ಕನ್ನಡ ಬಳಗದಿಂದ ಆಡಿಸಬೇಕೆಂದಿದ್ದಳು. ತೊಡಕು ಒಂದೇ. ಅವಳ ಕನ್ನಡ ಮಾತಿಗೆ ಸಾಕಾಗುತ್ತಿತ್ತು, ಬರವಣಿಗೆಗೆ ಸಾಲುತ್ತಿರಲಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ಸಿಕ್ಕಿದ ರಘುನಂದನನನ್ನು ಹಿಡಿದು, ಭಾನುವಾರ ಬಂದು ಸಹಾಯ ಮಾಡುತ್ತೀರಾ ಎಂದಳು. ಅವನು ಯಾಕೆ ಎಂದ. ಅವಳು ನಕ್ಕಳು. ಅವನು ಹೋದ.

ಹೀಗೆ ಭಾನುವಾರಗಳು ಶುರುವಾದವು. ಊಟದ ಮೇಜಿನ ಒಂದು ಕಡೆ ಅವಳು ಇಂಗ್ಲಿಷಿನಲ್ಲಿ ಓದಿ ಹಿಂದಿಯಲ್ಲಿ ವಿವರಿಸುವಳು, ಇನ್ನೊಂದು ಕಡೆ ಅವನು ಕನ್ನಡ ಕೂರಿಸುವನು. ನಾಟಕದ ಅರ್ಧ ನಗು, ಅರ್ಧ ಅಳು. ನಗುವ ಅರ್ಧದಲ್ಲಿ ಲಂಡನ್ನಿನ ಇಬ್ಬರು ದಿವಾಳಿ ಸೋದರರು ದೂರದ ಕಬ್ಬಿನ ದ್ವೀಪಕ್ಕೆ ಶ್ರೀಮಂತ ಹೆಣ್ಣು ಹುಡುಕಿಕೊಂಡು ಬರುತ್ತಾರೆ. ಹೆಣ್ಣಿನ ಕಡೆಯವರು ಅವರ ಹಲ್ಲು, ಕುಲ, ಕೋಟು ಎಲ್ಲ ಪರೀಕ್ಷಿಸುತ್ತಾರೆ. ಅಳುವ ಅರ್ಧದಲ್ಲಿ ಆಫ್ರಿಕದ ಕರಾವಳಿಯಿಂದ ಹಿಡಿದು ತಂದ ಒಬ್ಬ ನಗಾರಿಯವನನ್ನೂ ಅವನ ಹೆಂಡತಿಯನ್ನೂ ಅದೇ ದ್ವೀಪದ ಸಂತೆಯಲ್ಲಿ ಬೇರೆ ಬೇರೆ ಧಣಿಗಳಿಗೆ ಮಾರುತ್ತಾರೆ. ಎರಡು ದೃಶ್ಯಗಳೂ ಅಕ್ಕಪಕ್ಕ ಬರುತ್ತವೆ.

"ಅಂದರೆ ಮದುವೆಯೂ ಗುಲಾಮಗಿರಿಯೂ ಒಂದೇ ಅನ್ನೋದು ನಾಟಕಕಾರನ ತಾತ್ಪರ್ಯ," ಎಂದ ರಘುನಂದನ, ಬಹಳ ಕಂಡುಹಿಡಿದವನಂತೆ.

"ಅಲ್ಲ ರಘು. ಪಕ್ಕಪಕ್ಕ ಇಟ್ಟಿದ್ದಾನೆ, ಒಂದೇ ಅಂತ ಎಲ್ಲೂ ಹೇಳಿಲ್ಲ. ಒಂದು ಕಡೆ ಬೇಡ ಅನ್ನಬಹುದು, ಇನ್ನೊಂದು ಕಡೆ ಅನ್ನೋ ಹಾಗಿಲ್ಲ. ಮತ್ಲಬ್, ಅಷ್ಟೇ ಇಡೀ ನಾಟಕ."

ಅವನಿಗೆ ಅವಳು ಇಷ್ಟವಾಗಿದ್ದಳು. ಎಷ್ಟು ಇಷ್ಟವೆಂದರೆ, ಅದೂ ಅನುಮಾನಕ್ಕೆ ಕಾರಣವಾಗಿತ್ತು. ಇಷ್ಟು ಸುಲಭವಾಗಿ ಇಷ್ಟು ಒಳ್ಳೆಯದು ತನಗೆ ಸಿಗುತ್ತಿದೆಯೆಂದರೆ ಎಲ್ಲೋ ಏನೋ ಇದೆ. ಒಂದು ಭಾನುವಾರ ಅವಳು ಪುಟ ತಿರುಗಿಸುತ್ತ, ತಲೆಯೆತ್ತದೆ, "ನಿಮ್ಮ ಅಮ್ಮ ಯಾವಾಗಲಾದರೂ ದಿಲ್ಲಿಗೆ ಬರ್ತಾರಾ?" ಎಂದು ಕೇಳಿದಳು.

"ಯಾಕೆ ಕೇಳ್ತಿದ್ದೀರಿ?"

ಅವಳು ಮುಂದಿನ ಸಾಲು ಓದಿದಳು.

ಜನವರಿಯ ಮಂಜಿನಲ್ಲಿ ಒಂದು ಸಂಜೆ ಅವನು ಪಿ.ಜಿ.ಗೆ ಮರಳಿದಾಗ ಖುರಾನಾ ಆಂಟಿ ಹೀಟರಿನ ಮುಂದೆ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. ಮಧ್ಯಾಹ್ನ ಇಬ್ಬರು ಬಂದಿದ್ದರಂತೆ. ಕೋತಿಟೊಪ್ಪಿಗೆ ಹಾಕಿದ ಒಬ್ಬ ಹಿರಿಯರು, ರೇಷ್ಮೆ ಸೀರೆಯ ಮೇಲೆ ಸ್ವೆಟರು ತೊಟ್ಟ ಒಬ್ಬರು ಹೆಂಗಸು. ನಿಮ್ಮಲ್ಲಿರುವ ಕರ್ನಾಟಕದ ಹುಡುಗ ಹೇಗೆ, ಕುಡಿಯುತ್ತಾನೆಯೇ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆ, ಹುಡುಗಿಯರ ಸಹವಾಸವೇನಾದರೂ ಉಂಟೇ ಎಂದೆಲ್ಲ ವಿಚಾರಿಸಿದರಂತೆ. ಮದುವೆಯ ಮಾತೇ ಇರಬೇಕು ಎಂದು ಆಂಟಿ ಕಣ್ಣು ಮಿಟುಕಿಸಿದರು. ತಾವು ಹುಡುಗ ಹಸುವಿನಂಥವನು ಎಂದು ಹೇಳಿ ಕಳಿಸಿದ್ದಾಗಿಯೂ, ಸಂಬಂಧ ಕುದುರಿದರೆ ಮಿಠಾಯಿ ಮರೆಯಬಾರದೆಂದೂ ಸೇರಿಸಿದರು.

ಆ ಮನೆಯಲ್ಲಿ ಕರ್ನಾಟಕದ ಹುಡುಗರು ಇಬ್ಬರಿದ್ದರು. ಒಬ್ಬ ರಘುನಂದನ. ಇನ್ನೊಬ್ಬ ಅವನ ಪಕ್ಕದ ಮಂಚದ ಪವನ್. ಸಚಿವಾಲಯದಲ್ಲಿ ಖಾಯಂ ನೌಕರಿ, ಅಗಲ ಭುಜ, ಬೆಳಿಗ್ಗೆ ಎದ್ದು ಉದ್ಯಾನದಲ್ಲಿ ಓಡುವ ಚಟ. ಬಂದವರು ವಿಚಾರಿಸಿದ್ದು ಯಾರನ್ನು ಎಂದು ಆಂಟಿಯನ್ನು ಮರುಪ್ರಶ್ನೆ ಮಾಡಬಹುದಿತ್ತು. ಒಂದು ಬಿಲ್ಲಿಗೆ ಹದಿನಾರು ಪ್ರಶ್ನೆ ಕೇಳುವವನು ಇಲ್ಲಿ ಒಂದನ್ನೂ ಕೇಳಲಿಲ್ಲ. ರೇಷ್ಮೆ ಸೀರೆಯ ಮೇಲೆ ಸ್ವೆಟರು ತೊಡುವವರು ಹಂಸಿನಿಯ ತಾಯಿ ಇಂದಿರಾ ಆಂಟಿ. ಹಾಗಾದರೆ ಪರೀಕ್ಷೆ ನಡೆಯುತ್ತಿರುವುದು ತನ್ನದು. ಮುಗಿಯಿತು.

ಅಲ್ಲಿಂದ ಸಾಕ್ಷಿಗಳು ತಾವಾಗಿಯೇ ಬಂದು ಬೀಳತೊಡಗಿದವು. ಸೊಸೈಟಿಯ ಸಭಾಂಗಣದಲ್ಲಿ ತಾಲೀಮು ಆರಂಭವಾದಾಗ ಹಂಸಿನಿ ನಿರ್ದೇಶಕಿ. ಪವನ್ ನಗಾರಿಯವನು, ಧಾರಿಣಿ ಎಂಬ ವಿದ್ಯಾರ್ಥಿನಿ ಅವನ ಹೆಂಡತಿ. ಕಬ್ಬಿನ ತೋಟದ ಧಣಿಯ ಪಾತ್ರ ಸಾಕ್ಷಾತ್ ನಾರಾಯಣಸ್ವಾಮಿಯವರದು. ರಘುನಂದನನಿಗೆ ಸಿಕ್ಕಿದ್ದು ಸಂತೆಯಲ್ಲಿ ಮಾರಾಟಕ್ಕೆ ನಿಂತ ಗುಲಾಮರ ಸಾಲಿನಲ್ಲಿ ಮೂರನೆಯವನ ಪಾತ್ರ. ಮಾತಿಲ್ಲ. ಅರ್ಧ ನಾಟಕಕ್ಕೆ ಮಾತು ಬರೆದವನಿಗೆ ಒಂದು ಮಾತೂ ಇಲ್ಲದ ಪಾತ್ರ.

ಮೇಕಪ್ಪಿನವನು ಮೊದಲ ದಿನವೇ ಕಪ್ಪು ಬಣ್ಣದ ಡಬ್ಬಿ ತಂದಿದ್ದ. ಹಂಸಿನಿ ಅದನ್ನು ಮುಚ್ಚಳ ತೆಗೆಯಗೊಡದೆ ವಾಪಸು ಕಳಿಸಿದಳು. ಯಾರ ಮುಖಕ್ಕೂ ಏನೂ ಬಳಿಯುವುದಿಲ್ಲ, ಎಲ್ಲರಿಗೂ ಗೋಣಿಬಟ್ಟೆಯ ಅಂಗಿ, ಸಾಕು ಎಂದಳು. ಸಾಲಿನಲ್ಲಿ ನಿಂತವರು ಯಾರನ್ನೂ ನೋಡಬಾರದು, ಏನನ್ನೂ ಕೇಳಬಾರದು; ಅವರನ್ನು ಯಾರೂ ಏನೂ ಕೇಳಿಲ್ಲ ಎಂಬುದು ಎದುರಿಗೆ ಕುಳಿತವರಿಗೆ ಹೊಟ್ಟೆಗೆ ಇಳಿಯಬೇಕು ಎಂದು ಪ್ರತಿ ಸಲವೂ ಹೇಳುವಳು.

ಧಣಿ ಬೆತ್ತ ಹಿಡಿದು ಸಾಲಿನ ಮುಂದೆ ನಡೆಯಬೇಕು. ಒಬ್ಬೊಬ್ಬನ ಗಲ್ಲ ಎತ್ತಿ, ತೋಳು ಹಿಸುಕಿ, ಕೊನೆಗೆ ಎರಡನೆಯವನಾದ ನಗಾರಿಯವನನ್ನು ಕೊಳ್ಳಬೇಕು. ನಾರಾಯಣಸ್ವಾಮಿಯವರು ಕಡತ ನೋಡುವಷ್ಟೇ ಶ್ರದ್ಧೆಯಿಂದ ಇದನ್ನು ಮಾಡಿದರು. ರಘುನಂದನನ ತೋಳು ಹಿಸುಕಿ, ಪಾತ್ರದಿಂದ ಅರ್ಧ ಹೊರಗೆ ಬಂದು, "ಊಟ ಸರಿಯಾಗಿ ಮಾಡ್ತೀಯೇನಪ್ಪಾ?" ಎಂದರು. ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ತಾಲೀಮು ಎಂಬುದು ನೆಪ. ದಿಲ್ಲಿಯ ಕನ್ನಡದ ಮನೆಗಳಲ್ಲಿ ಗಂಡು ನೋಡುವುದಕ್ಕೆ ನಾಟಕಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಅವನು ಕೇಳಿದ್ದ. ವಾರಗಟ್ಟಲೆ ಹುಡುಗ ಕಣ್ಣೆದುರಿಗೇ ಇರುತ್ತಾನೆ, ಉಪ್ಪಿಟ್ಟಿನ ಖರ್ಚಷ್ಟೇ.

ಮೆಟ್ರೊದಲ್ಲಿ ಪವನ್ ಇನ್ನೊಂದು ಸುದ್ದಿ ಹೇಳಿದ. ನಾರಾಯಣಸ್ವಾಮಿ ಸಾಹೇಬರು ತಮ್ಮ ಎದುರಿನ ಫ್ಲಾಟನ್ನೂ ಕೊಂಡಿಟ್ಟಿದ್ದಾರಂತೆ. ಒಬ್ಬಳೇ ಮಗಳು, ಅಳಿಯನನ್ನು ಅಲ್ಲೇ ಇಟ್ಟುಕೊಳ್ಳುವ ಯೋಚನೆಯಂತೆ.

ಮನೆ ಅಳಿಯ. ರಘುನಂದನನಿಗೆ ಇಡೀ ಮೋಸ ಒಮ್ಮೆಗೇ ಅರ್ಥವಾಯಿತು. ಬೆಳಿಗ್ಗೆ ಮಾವನ ಜೊತೆ ಸೊಸೈಟಿಯ ಸುತ್ತ ನಡಿಗೆ, ಸಂಜೆ ಮಾವನ ಜೊತೆ ವಾರ್ತೆ, ಭಾನುವಾರ ಮಾವನ ವಾಟರ್ ಫಿಲ್ಟರ್ ರಿಪೇರಿ. ಭಾನುವಾರದ ಕಾಫಿ, ನಗು, ತಲೆಯೆತ್ತದೆ ಕೇಳಿದ ಅಮ್ಮನ ಪ್ರಶ್ನೆ, ಎಲ್ಲ ಆ ಎದುರಿನ ಬಾಗಿಲಿಗೆ ಹಾಸಿದ ಚಾಪೆ. ಹುಡುಗಿಯನ್ನು ಬೇಡವೆನ್ನಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಕೊಳ್ಳಲ್ಪಡುವುದಕ್ಕೂ ಮನಸ್ಸಿರಲಿಲ್ಲ. ಇವೆರಡೂ ಒಂದೇ ಕಟ್ಟಿನಲ್ಲಿ ಬಂದಿದ್ದವು ಎಂಬುದು ಅವನ ಲೆಕ್ಕಾಚಾರ. ನೇರವಾಗಿ ಅವಳನ್ನು ಒಂದು ಮಾತು ಕೇಳುವುದು ಅವನಿಗೆ ಹೊಳೆಯಲೇ ಇಲ್ಲ. ಬಿಲ್ಲಿನ ಸುಳ್ಳನ್ನು ಯಾರಾದರೂ ಆಸ್ಪತ್ರೆಯನ್ನೇ ಕೇಳುತ್ತಾರೆಯೇ?

ಆದ್ದರಿಂದ ತನ್ನ ಬೆಲೆ ತಾನೇ ಇಳಿಸಲು ತೊಡಗಿದ. ಇಂದಿರಾ ಆಂಟಿಗೆ ಕೇಳುವಂತೆ ಕೆಮ್ಮಿದ. ತನ್ನ ಕೆಲಸ ಗುತ್ತಿಗೆಯದು, ಯಾವಾಗ ಬೇಕಾದರೂ ಹೋಗಬಹುದು ಎಂದು ಕೇಳದಿದ್ದರೂ ಹೇಳಿದ. ಅದು ನಿಜವೇ ಆದ್ದರಿಂದ ಚೆನ್ನಾಗಿ ನಂಬಿಕೆ ಹುಟ್ಟಿತು. ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡ, ಖರ್ಚಿನ ಅಳಿಯ ಎನಿಸಲಿ ಎಂದು. ಭಾನುವಾರ ಹಂಸಿನಿ ಕೊನೆಯ ಅಂಕ ತಿದ್ದಲು ಕರೆದರೆ, ಫೋನಿನಲ್ಲೇ ಕಳಿಸಿ ಎಂದ. ಅವಳು ಯಾಕೆಂದು ಕೇಳಲಿಲ್ಲ, ಕಳಿಸಿದಳು. ಆಮೇಲೆ ತಾಲೀಮಿನಲ್ಲಿ ಅವನನ್ನು ರಘು ಎನ್ನದೆ ಮೂರನೇ ನಂಬರ್ ಎಂದು ಕರೆಯತೊಡಗಿದಳು. ಇದೂ ಒಂದು ತಂತ್ರ ಎಂದುಕೊಂಡ ಅವನು. ಆ ದಿನ ಮೆಟ್ರೊದಲ್ಲಿ ಎರಡು ನಿಲ್ದಾಣ ಮುಂದಕ್ಕೆ ಹೋಗಿ ಇಳಿದ.

ಈ ನಡುವೆ ನಾರಾಯಣಸ್ವಾಮಿಯವರು ಅವನನ್ನು ಚಹಾದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದಿದ್ದರು.

"ನಿನ್ನ ರೂಮಿನಲ್ಲಿದ್ದಾನಲ್ಲ, ಪವನ್. ಹುಡುಗ ಹೇಗಪ್ಪಾ?"

ಹಿರಿಯರ ವರಸೆ ಅವನಿಗೆ ಗೊತ್ತಿಲ್ಲವೇ? ಪಕ್ಕದವನ ವಿಷಯ ಎತ್ತಿ ಇವನ ಬಾಯಿ ಬಿಡಿಸುವುದು. ಯಾಕೆ ಕೇಳ್ತಿದ್ದೀರಿ ಎಂಬ ಮಾತನ್ನು ಜೀವನದಲ್ಲಿ ಮೊದಲ ಬಾರಿಗೆ ನುಂಗಿಕೊಂಡು, ತನ್ನ ಮೇಲಿನ ಕಣ್ಣು ಆಚೆ ತಿರುಗಲಿ ಎಂದು ಪವನನನ್ನು ಹೊಗಳಿದ. ಚಿನ್ನದಂಥ ಹುಡುಗ ಸರ್. ಬೆಳಿಗ್ಗೆ ಓಡುತ್ತಾನೆ, ರಾತ್ರಿ ತಾಯಿಗೆ ಫೋನ್ ಮಾಡುತ್ತಾನೆ, ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯುವುದಿಲ್ಲ, ಪಕ್ಕದ ಮನೆಯ ಮುದುಕಿಗೆ ಗ್ಯಾಸ್ ಸಿಲಿಂಡರ್ ಎತ್ತಿಕೊಡುತ್ತಾನೆ. ಕೊನೆಯದು ಅವನು ಅಲ್ಲೇ ಕಟ್ಟಿದ್ದು. ನಾರಾಯಣಸ್ವಾಮಿಯವರು ಬಹಳ ಹೊತ್ತು ತಲೆಯಾಡಿಸಿ, ಬೆನ್ನು ತಟ್ಟಿ ಹೋದರು.

ಮೊದಲ ಪ್ರದರ್ಶನ ಶನಿವಾರ ಸಂಜೆ ದಿಲ್ಲಿಯ ಒಂದು ಸಭಾಭವನದಲ್ಲಿ, ಎರಡನೆಯದು ಭಾನುವಾರ ನೋಯ್ಡಾದಲ್ಲಿ. ಶನಿವಾರ ಪರದೆ ಏಳುವ ಮುಂಚೆ ಇಂದಿರಾ ಆಂಟಿ ಬಣ್ಣದ ಕೋಣೆಯಲ್ಲಿ ಎಲ್ಲರಿಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ರಘುನಂದನನ ಗೋಣಿಯಂಗಿಯ ಹಿಂದಿನ ದಾರ ಕಟ್ಟುತ್ತ, ದೊಡ್ಡ ಉಪಕಾರ ಮಾಡಿದಿ ಎಂದರು.

"ನಾವು ಪೀತಮ್‌ಪುರಕ್ಕೆ ಹೋಗಿ ಆ ಖುರಾನಾ ಹತ್ತಿರ ಪವನ್ ವಿಷಯ ವಿಚಾರಿಸಿದಾಗಲೂ ಇವರಿಗೆ ಪೂರ್ತಿ ಸಮಾಧಾನ ಆಗಿರಲಿಲ್ಲ. ನೀನು ಹೇಳಿದ ಮೇಲೇ ಇವರು ಮುಂದುವರಿಸೋಣ ಅಂದದ್ದು. ಜೊತೆಗೇ ಇರೋ ಹುಡುಗ ಸುಳ್ಳು ಹೇಳ್ತಾನಾ ಅಂದರು."

ರಘುನಂದನ ಕಾಫಿಯ ಲೋಟ ಕೆಳಗಿಟ್ಟ. ಹಾಗಾದರೆ ಕೆಮ್ಮಿದ್ದು, ಉಪ್ಪಿಟ್ಟು ತಿಂದದ್ದು, ಎರಡು ತಿಂಗಳು ಕೋಟೆ ಕಟ್ಟಿ ಕಾವಲು ಕುಳಿತದ್ದು, ಎಲ್ಲ ಯಾರೂ ಬರದ ಬಾಗಿಲಿಗೆ. ಅವನನ್ನು ಯಾರೂ ಕೊಳ್ಳಲು ಬಂದಿರಲೇ ಇಲ್ಲ.

"ಹಂಸಿನಿ ಏನಂತಾರೆ ಆಂಟಿ?" ಎಂದ.

"ಬೇಡ ಅಂತಾಳೆ. ಮುಂಚೆ ತಾನಾಗಿ ಒಬ್ಬ ಹುಡುಗ ಇದ್ದಾನೆ ಅಂದಿದ್ದಳು, ಹೆಸರು ಮಾತ್ರ ಹೇಳಲಿಲ್ಲ. ಆಮೇಲೆ ಅದನ್ನೂ ಬಿಟ್ಟಳು. ಆ ಹುಡುಗ ಏನು ಕೇಳಿದರೂ ಉತ್ತರ ಕೊಡಲ್ಲವಂತೆ."

ಬೆಲ್ ಹೊಡೆಯಿತು. ರಘುನಂದನ ಕತ್ತಲಲ್ಲಿ ನಡೆದು ಸಾಲಿನಲ್ಲಿ ತನ್ನ ಜಾಗಕ್ಕೆ ನಿಲ್ಲುವವರೆಗೂ ಯೋಚಿಸಿದ್ದು ಒಂದನ್ನೇ: ಯಾರು ಆ ಕಳ್ಳ? ವಿಶ್ವವಿದ್ಯಾಲಯದವನಿರಬೇಕು. ಗಡ್ಡ ಬಿಟ್ಟಿರಬೇಕು. ದೀಪ ಹತ್ತಿದಾಗ, ಪಕ್ಕದ ಪರದೆಯ ಮರೆಯಲ್ಲಿ ಕೈಕಟ್ಟಿ ನಿಂತಿದ್ದ ಹಂಸಿನಿಯ ಮುಖ ಕಂಡಿತು. ಅವಳು ಅವನನ್ನೇ ನೋಡುತ್ತಿದ್ದಳು. ಎರಡು ತಿಂಗಳಿನಿಂದ ಎದುರಿಗೇ ಇದ್ದ ಬಿಲ್ಲನ್ನು ಅವನು ಆಗ ಓದಿದ.

ಧಣಿ ಬಂದರು. ಮೊದಲನೆಯವನ ಗಲ್ಲ ಎತ್ತಿದರು. ಎರಡನೆಯವನಾದ ಪವನನ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು. ತೋಳು, ಭುಜ, ಹಲ್ಲು, ಮತ್ತೆ ತೋಳು. ಮುಖದಲ್ಲಿ ನಟನೆಗೆ ಮೀರಿದ ತೃಪ್ತಿ. ಆ ಖುಷಿಯಲ್ಲಿ ಉಳಿದವರನ್ನು ನೋಡಬೇಕೆಂಬುದನ್ನೇ ಮರೆತು, ಮೂರನೆಯವನ ಮುಂದಿನಿಂದ ಗಾಳಿಯ ಮುಂದೆ ಹೋದಂತೆ ಹೋಗುತ್ತಿದ್ದರು.

"ನನ್ನನ್ನೂ ಒಮ್ಮೆ ನೋಡಿ, ಸ್ವಾಮಿ."

ಮಾತಿಲ್ಲದ ಪಾತ್ರ ಮಾತಾಡಿತ್ತು. ನಾರಾಯಣಸ್ವಾಮಿಯವರು ತಿರುಗಿದರು. ಮೂವತ್ತೈದು ವರ್ಷ ಸರ್ಕಾರಿ ಕೆಲಸ ಮಾಡಿದವರು, ಗಾಬರಿಯಾಗಲಿಲ್ಲ. ಬೆತ್ತದ ತುದಿಯಿಂದ ಅವನ ಅಂಗಿ ಸರಿಸಿ, "ಇವನ ಅರ್ಜಿ ಬಂದೇ ಇಲ್ಲವಲ್ಲ," ಎಂದರು.

ಸಭೆ ಬಿದ್ದು ಬಿದ್ದು ನಕ್ಕಿತು. ಕೇಂದ್ರ ಸರ್ಕಾರಿ ನೌಕರರೇ ತುಂಬಿದ್ದ ಸಭೆ. ಆ ನಗು ನಿಲ್ಲಲೇ ಇಲ್ಲ. ಅದರ ಬೆನ್ನಿಗೇ ಬರುವುದು ನಗಾರಿಯವನನ್ನು ಹೆಂಡತಿಯಿಂದ ಬಿಡಿಸಿ ಎಳೆದೊಯ್ಯುವ ದೃಶ್ಯ. ಧಾರಿಣಿ ನೆಲಕ್ಕೆ ಬಿದ್ದು ಅತ್ತಳು. ಹಿಂದಿನ ಸಾಲುಗಳಲ್ಲಿ ಇನ್ನೂ ಕಿಸಿಕಿಸಿ ಉಳಿದಿತ್ತು. ಅವಳ ಅಳು ಅದರ ಮೇಲೆ ಹರಿದು ವ್ಯರ್ಥವಾಯಿತು.

ನಾಟಕ ಮುಗಿದ ಮೇಲೆ ಹಲವರು ರಘುನಂದನನ ಕೈಕುಲುಕಿ ಒಳ್ಳೆಯ ಕಾಮಿಡಿ ಎಂದರು. ಹಂಸಿನಿ ಅವನನ್ನು ಹಿಂಬಾಗಿಲ ಆಚೆ, ಚಹಾದ ಗಾಡಿಯ ಪಕ್ಕಕ್ಕೆ ಕರೆದುಕೊಂಡು ಹೋದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಆ ಸಾಲಿನಲ್ಲಿ ನಿಂತವರು ಯಾರಾದರೂ ನನ್ನನ್ನ ನೋಡಿ ಅಂತಾರಾ, ರಘು? ಅವರಿಗೆ ಬೇಕು ಬೇಡ ಎರಡೂ ಇಲ್ಲ. ನಿಮಗಿತ್ತು. ನಿಮಗೆ ಬಾಯಿತ್ತು, ಪೂರಾ ಎರಡು ತಿಂಗಳು ಇತ್ತು. ನೀವು ಹೋಗಿ ಅವರ ಜಾಗದಲ್ಲಿ ನಿಂತು, ಅಪ್ಪನ್ನ ಕೇಳಿದಿರಿ. ನನ್ನನ್ನಲ್ಲ."

ಅವನು ಬಾಯಿ ತೆರೆದ.

"ಇವತ್ತು ಬೇಡ. ನಾಳೆ ಆ ಸೀನ್ ಸರಿಯಾಗಿ ನಿಲ್ಲಿ. ಆಮೇಲೆ ಏನು ಕೇಳೋದಿದ್ರೂ ಕೇಳಿ."

ಭಾನುವಾರ ಅವನು ನಿಂತ. ನಾರಾಯಣಸ್ವಾಮಿಯವರು ಈ ಸಲ ಮರೆಯದೆ ಗಲ್ಲ ಎತ್ತಿದರು, ತೋಳು ಹಿಸುಕಿದರು. ಕಣ್ಣಲ್ಲಿ ಹೊಸದೊಂದು ಪ್ರಶ್ನೆಯಿತ್ತು. ರಘುನಂದನ ನೆಲ ನೋಡಿದ. ತೋಳಿನ ಮೇಲೆ ಇನ್ನೊಬ್ಬರ ಬೆರಳು, ಅದನ್ನು ತೆಗೆಯಿರಿ ಎನ್ನಲು ಮಾತಿಲ್ಲ. ಮಾತನ್ನು ಬರೆದವನೇ ಅವನಾದರೂ ಇದು ಅವನಿಗೆ ಮೊದಲು ತಿಳಿದಿರಲಿಲ್ಲ. ಸಭೆ ಕೆಮ್ಮಲಿಲ್ಲ. ಧಾರಿಣಿ ಅಳತೊಡಗಿದಾಗ ಮುಂದಿನ ಸಾಲಿನ ಒಬ್ಬರು ಕನ್ನಡಕ ತೆಗೆದರು. ಎರಡು ತಿಂಗಳು ತಾನು ಗುಲಾಮನಾಗುತ್ತಿದ್ದೇನೆಂದು ಒದ್ದಾಡಿದ್ದು ನೆನಪಾಗಿ ಅವನಿಗೆ ಕಿವಿ ಬಿಸಿಯಾಯಿತು.

ಪರದೆ ಬಿದ್ದ ಮೇಲೆ ಗೋಣಿಯಂಗಿಯಲ್ಲೇ ಹೊರಗೆ ಹೋದ. ಹಂಸಿನಿ ಸಭಾಂಗಣದ ಮೆಟ್ಟಿಲ ಮೇಲೆ ಕುಳಿತಿದ್ದಳು. ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ. ಆ ವಾಕ್ಯ ಅವನ ಬಾಯಿಂದ ಬಿಲ್ಲಿನ ಮೇಲಿನ ಆಕ್ಷೇಪಣೆಯಂತೆಯೇ ಹೊರಟಿತು, ಆದರೆ ಪೂರ್ತಿಯಾಗಿ ಹೊರಟಿತು.

"ಯಾಕೆ ಕೇಳ್ತಿದ್ದೀರಿ?" ಎಂದಳು ಅವಳು, ನಗದೆ.

ಆ ಪ್ರಶ್ನೆಯನ್ನು ಸಾವಿರ ಜನರಿಗೆ ಎಸೆದಿದ್ದವನಿಗೆ ಅದು ಎಷ್ಟು ಭಾರವೆಂದು ಈಗ ತಿಳಿಯಿತು. ಅವನು ಹೇಳಿದ. ಭಾನುವಾರಗಳ ಬಗ್ಗೆ, ಕೆಮ್ಮಿದ ಬಗ್ಗೆ, ಗ್ಯಾಸ್ ಸಿಲಿಂಡರಿನ ಮುದುಕಿಯ ಬಗ್ಗೆ ಕೂಡ. ಅಲ್ಲಿಗೆ ಬಂದಾಗ ಅವಳು ಮೊಣಕಾಲಿಗೆ ಹಣೆಯಿಟ್ಟು ನಕ್ಕಳು. ಎದುರಿನ ಫ್ಲಾಟಿನ ಭಯವನ್ನೂ ಹೇಳಿದ. ಅದನ್ನು ಬಾಡಿಗೆಗೆ ಕೊಟ್ಟು ಒಂದು ವರ್ಷವಾಯಿತು, ಬಂಗಾಳದ ದಂಪತಿ ಇದ್ದಾರೆ, ದಿನಾ ಮೀನು ಹುರಿಯುತ್ತಾರೆ, ಅಪ್ಪ ಕಿಟಕಿ ಮುಚ್ಚಿಕೊಂಡು ಸಹಿಸುತ್ತಾರೆ ಎಂದಳು ಅವಳು.

ಅಷ್ಟರಲ್ಲಿ ನಾರಾಯಣಸ್ವಾಮಿಯವರು ಕಾರಿನ ಹಾರ್ನ್ ಬಾರಿಸಿದರು. ಧಣಿಯ ಮೀಸೆ ಇನ್ನೂ ಅವರ ಮುಖದ ಮೇಲಿತ್ತು.

ಹಂಸಿನಿ ಎದ್ದು ಕುರ್ತಾದ ಧೂಳು ಕೊಡವಿದಳು.

"ನಾನು ಮುಂಚೆ ಒಂದು ಕೇಳಿದ್ದೆ. ನಿಮ್ಮ ಅಮ್ಮ ದಿಲ್ಲಿಗೆ ಬರ್ತಾರಾ ಅಂತ. ಅದರ ಉತ್ತರ ಇನ್ನೂ ಬಂದಿಲ್ಲ."

ಅವನ ಬಾಯಲ್ಲಿ ಹಳೆಯ ಮಾತು ಎದ್ದು ಹಲ್ಲಿನವರೆಗೂ ಬಂತು.

"ಬರ್ತಾರೆ," ಎಂದ. "ಈ ತಿಂಗಳೇ ಬರ್ತಾರೆ."